ಅತ್ತಿಗೆಯ ಎಡೆಗೆ ಇಟ್ಟ ಮಾತ್ರೆಗಳು

ಹೋದ ವಾರ ಲೈನಿಂಗ್ ಬಟ್ಟೆ ತರಲು ಮಂಡ್ಯಕ್ಕೆ ಹೋಗಿದ್ದವಳು ರೈಲಿನಲ್ಲಿ ಮದ್ದೂರಿಗೆ ವಾಪಸು ಬರುತ್ತಿದ್ದೆ. ಹನಕೆರೆಯಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ಎದುರಿಗೆ ಕೂತು, ಸೀರೆಯನ್ನು ಮಂಡಿಯವರೆಗೆ ಸರಿಸಿ, ಕೈಚೀಲದಿಂದ ನೀಲಗಿರಿ ಎಣ್ಣೆಯ ಸೀಸೆ ತೆಗೆದು ತಿಕ್ಕಿಕೊಳ್ಳತೊಡಗಿದಳು. ಬೋಗಿಯ ತುಂಬ ಅದೇ ವಾಸನೆ. ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದೆ. ಕಬ್ಬಿನ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು. ಆ ವಾಸನೆಯ ಕೈಗಳಿಂದ ನನ್ನ ತಲೆ ಬಾಚುತ್ತಿದ್ದವಳು ಒಬ್ಬಳಿದ್ದಳು...

ಅವಳು ನನ್ನ ಅತ್ತಿಗೆ. ಅಣ್ಣನ ಹೆಂಡತಿ.

ಗಂಡ ತೀರಿಕೊಂಡ ಮೇಲೆ ನಾನು ಹನಕೆರೆಯ ಹತ್ತಿರದ ತವರಿಗೆ ಮರಳಿ ಬಂದೆ. ಅಣ್ಣ ಒಳಗೆ ಬಾ ಎಂದು ಕೈಸನ್ನೆ ಮಾಡಿದ, ಅಷ್ಟೆ. ಅತ್ತಿಗೆ ನನ್ನ ಹೊಲಿಗೆ ಮಿಷನ್ನನ್ನು ಕಿಟಕಿಯ ಪಕ್ಕಕ್ಕೆ ತಾನೇ ದಬ್ಬಿಕೊಂಡು ಹೋಗಿ, ಸ್ಟೂಲು ಹಾಕಿ ಹೇಳಿದಳು: "ಇಲ್ಲಿ ಬೆಳಕು ಸಂದಾಗದೆ, ಕೂತ್ಕೊ. ಅಳೋದಾದ್ರೆ ಒಲೀತಾ ಅಳಮ್ಮಿ, ಎರಡೂ ಕೆಲ್ಸ ಆಯ್ತದೆ." ಆ ದಿನ ಅಳುತ್ತಲೇ ನಕ್ಕೆ. ಸಾಂತ್ವನ ಹೇಳುವವರು ಬೇಕಾದಷ್ಟು ಜನ ಬಂದು ಹೋಗಿದ್ದರು. ನನ್ನನ್ನು ಹೊಲಿಯುವುದಕ್ಕೆ ಕೂರಿಸಿದವಳು ಅವಳೊಬ್ಬಳೇ.

ಅಂಥವಳು ಒಂದು ಬೇಸಿಗೆಯಲ್ಲಿ ಸುಮ್ಮನಾಗಿಬಿಟ್ಟಳು. ಕಾರಣವೇನೂ ಇರಲಿಲ್ಲ. ಮನೆಯಲ್ಲಿ ಜಗಳವಿಲ್ಲ, ಸಾವಿಲ್ಲ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿದ್ದರೂ ಅದನ್ನು ನೋಡುತ್ತಾ ಕೂರುತ್ತಿದ್ದಳು. ತಲೆಗೆ ಎಣ್ಣೆ ಇಲ್ಲ, ಊಟ ಬೇಕಿಲ್ಲ, ಮಗಳು ಕರೆದರೆ ಓಗೊಡುವುದಿಲ್ಲ. ಗಾಳಿ ಸೋಕಿದೆ ಎಂದು ಯಾರೋ ಹೇಳಿ, ತಾಯತ ಕಟ್ಟಿಸಿದ್ದೂ ಆಯಿತು. ಕೊನೆಗೆ ನಾನೇ ಮಂಡ್ಯದ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದುಕೊಂಡು ಹೋದೆ. ಅವರು ಇದು ಖಿನ್ನತೆ, ವಾಸಿಯಾಗುವಂಥದ್ದು ಎಂದು ಹೇಳಿ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಗುಣ ಕಾಣುವುದಕ್ಕೆ ಕೆಲವು ವಾರ ಬೇಕು, ನಡುವೆ ನಿಲ್ಲಿಸಬೇಡಿ ಎಂದೂ ಹೇಳಿದರು. ಮುಂದಿನ ಸಲದಿಂದ ಅಣ್ಣನೇ ಅವಳನ್ನು ಕರೆದುಕೊಂಡು ಹೋಗಿ ತೋರಿಸಿ ಬರುತ್ತಿದ್ದ.

ಕೆಲವು ವಾರವೇ ಹಿಡಿಯಿತು. ಒಂದು ಬೆಳಿಗ್ಗೆ ನಾನು ಮಾಡಿದ ಸಾರನ್ನು ಬಾಯಿಗಿಟ್ಟು ಅತ್ತಿಗೆ ಹುಬ್ಬು ಗಂಟು ಹಾಕಿದಳು. "ಯಾಕಮ್ಮಿ, ಉಪ್ಪಿನ ಡಬ್ಬ ಕೈ ಜಾರಿ ಬಿತ್ತಾ?" ಎಂದಳು. ಅದೇ ನಮಗೆ ಹಬ್ಬ. ಅಣ್ಣ ಎಲೆಯ ಮುಂದೆ ಕೂತಿದ್ದವನು ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ಅದನ್ನೂ ನಾನು ಮರೆತಿಲ್ಲ. ಅವನಿಗೆ ಅವಳೆಂದರೆ ಪ್ರೀತಿ ಇರಲಿಲ್ಲ ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಪ್ರೀತಿ ಇದ್ದೂ ಹೀಗೆ ಮಾಡಿದನಲ್ಲ ಎಂಬುದಕ್ಕೇ ನನ್ನ ಸಿಟ್ಟು ಇನ್ನೂ ಆರಿಲ್ಲ.

ಏಕೆಂದರೆ ಅವಳು ಹುಷಾರಾದ ದಿನದಿಂದಲೇ ಅವನ ಗುಟ್ಟು ಶುರುವಾಯಿತು. ಮಾತ್ರೆ ನುಂಗುವುದು ಯಾರ ಕಣ್ಣಿಗೂ ಬೀಳಬಾರದು. ನೆಂಟರು ಬಂದರೆ ಮಾತ್ರೆಯ ಶೀಟುಗಳು ರಾಗಿ ಡ್ರಮ್ಮಿನೊಳಗೆ ಹೋಗಬೇಕು. "ಮನೇಲಿ ಮದುವೆಗೆ ಬಂದ ಎಣ್ಣದೆ. ತಾಯಿಗೆ ತಲೆ ಕೆಟ್ಟಿತ್ತು ಅಂದ್ರೆ ಯಾವನ್ ಬತ್ತಾನೆ?" ಎನ್ನುತ್ತಿದ್ದ. ಅತ್ತಿಗೆ ಅದಕ್ಕೂ ನಗುತ್ತಿದ್ದಳು. "ಕೆಟ್ಟಿದ್ದು ರಿಪೇರಿ ಆಗ್ಯದೆ ಅಂತ ಏಳು. ಗಾಡಿನೇ ಸೆಕೆಂಡ್‌ಹ್ಯಾಂಡ್ ತಗೋತಾರೆ ಜನ" ಎನ್ನುತ್ತಿದ್ದಳು. ಅವನು ನಗುತ್ತಿರಲಿಲ್ಲ.

ಸಂಬಂಧ ಬಂದೇ ಬಂತು. ಮಳವಳ್ಳಿ ಕಡೆಯವರು, ಬಂಡೂರಿನ ಪಕ್ಕದ ಊರು, ಕುರಿ ಸಾಕಿದ ಮನೆತನ. ಹುಡುಗನಿಗೆ ಆ ಕಡೆಯ ಬ್ಲಫ್ ಎಂಬ ಊರಿನ ಪವರ್‌ಹೌಸಿನಲ್ಲಿ ಕೆಲಸ. ಒಪ್ಪಿಗೆಯ ಶಾಸ್ತ್ರ ಇನ್ನೂ ಆಗಿರಲಿಲ್ಲ, ಮಾತು ನಡೆಯುತ್ತಿತ್ತು. ಆ ದಿನಗಳಲ್ಲೇ ಅತ್ತಿಗೆಯ ಮಂಡಿನೋವು ಜಾಸ್ತಿಯಾಯಿತು. ನೀಲಗಿರಿ ಎಣ್ಣೆಗೆ ಬಗ್ಗಲಿಲ್ಲ. ಅಣ್ಣ ಅವಳನ್ನು ಮದ್ದೂರಿನ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನಾನು ಮದುವೆ ಮನೆಯೊಂದರ ರವಿಕೆಗಳನ್ನು ಒಪ್ಪಿಸಬೇಕಾಗಿತ್ತು, ಹೋಗಲಿಲ್ಲ.

ಸಂಜೆ ಬಂದವಳು ಚಪ್ಪಲಿ ಬಿಡುತ್ತಲೇ ಕತೆ ಹೇಳಿದಳು. ಡಾಕ್ಟರು, ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಅಮ್ಮ ಎಂದು ಕೇಳಿದರಂತೆ. ಇವಳು ಬಾಯಿ ತೆರೆಯುವುದರೊಳಗೆ ಅಣ್ಣ ಮುಂದೆ ಬಿದ್ದು, "ಏನೂ ಇಲ್ಲ ಡಾಕ್ಟ್ರೆ, ಗಟ್ಟಿ ಆಳು, ಒಂದು ಮಾತ್ರೆ ನುಂಗ್ದೋಳಲ್ಲ" ಎಂದುಬಿಟ್ಟನಂತೆ.

"ನಿಮ್ಮಣ್ಣ ನನ್ನ ಗಟ್ಟಿಗಿತ್ತಿ ಮಾಡ್ಬುಟ್ಟ ಕಣಮ್ಮಿ" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತು ತೋರಿಸಿದಳು. ಇಬ್ಬರೂ ನಕ್ಕೆವು. ಅದರಲ್ಲಿ ಸಾವು ಕೂತಿದೆ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮೂಳೆ ಡಾಕ್ಟರು ಕೊಟ್ಟ ನೋವಿನ ಮಾತ್ರೆಯಿಂದ ಮಂಡಿ ಹಗುರವಾಯಿತು. ಅವಳು ಅದನ್ನೇ ಮತ್ತೆ ಮತ್ತೆ ತರಿಸಿ ನುಂಗಿದಳು. ಮದುವೆಯ ಮಾತು ನಡೆಯುವ ಮನೆ, ಕೂರುವುದಕ್ಕೆ ಪುರುಸೊತ್ತೆಲ್ಲಿ? ಮುಖ ಬಿಳಿಚಿಕೊಳ್ಳುತ್ತಾ ಬಂತು. ಮೆಟ್ಟಿಲು ಹತ್ತಿದರೆ ಏದುಸಿರು. ಕೆಲಸ ಜಾಸ್ತಿಯಾಗಿದೆ ಎಂದುಕೊಂಡೆವು. ಒಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದವಳು ಬಿಂದಿಗೆಯ ಪಕ್ಕದಲ್ಲೇ ಕುಸಿದಳು. ವಾಂತಿಯಾಯಿತು. ಕಾಫಿಯ ಗಸಿಯಂಥದ್ದು, ಕಪ್ಪಗೆ... ಆಮೇಲೆ ಕೆಂಪಗೆ.

ಮಂಡ್ಯದ ಆಸ್ಪತ್ರೆಯಲ್ಲಿ ಅವಳಿಗೆ ರಕ್ತ ಕೊಡುತ್ತಿದ್ದಾಗ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರೊಬ್ಬರು ಬಂದು, ಮಲ ಕಪ್ಪಗೆ ಹೋಗುತ್ತಿತ್ತಾ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಣ್ಣನಿಗೆ ಗೊತ್ತಿತ್ತು.

"ಟಾರು ಇದ್ದಂಗೆ ಓಯ್ತದೆ ಅಂತಿದ್ಲು ಮೇಡಂ. ಮುದ್ದೆ ತಿನ್ನೋರ್ಗೆ ಬೆಳ್ಳಗೆ ಓದದಾ ಅಂತ ನಾನೇ ಬಯ್ದಿದ್ದೆ."

ಡಾಕ್ಟರು ನಗಲಿಲ್ಲ. ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂದರು. ಅಣ್ಣ ಗೋಡೆ ನೋಡಿದ. ನಾನು ಬರುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದಿದ್ದೆ, ಎರಡೂ ಮಾತ್ರೆ ತೆಗೆದುಕೊಟ್ಟೆ. ಅವರು ಎರಡನ್ನೂ ಬೆಳಕಿಗೆ ಹಿಡಿದು ಓದಿ, "ಇವೆರಡನ್ನೂ ಜೊತೆಗೆ ಕೊಟ್ಟವರು ಯಾರು?" ಎಂದರು. ಜೊತೆಗೆ ಕೊಟ್ಟಿದ್ದಲ್ಲ, ಒಬ್ಬರಿಗೆ ಇನ್ನೊಬ್ಬರು ಕೊಟ್ಟಿದ್ದು ಗೊತ್ತಿರಲಿಲ್ಲ ಎಂದೆ.

ಆಮೇಲೆ ಅವರು ನನಗೆ ತಿಳಿಯುವ ಹಾಗೆ ಹೇಳಿದರು. ಗಾಯವಾದಾಗ ರಕ್ತ ನಿಲ್ಲಿಸುವ ಕಣಗಳು ಇರುತ್ತವಂತೆ. ಈ ಮನಸ್ಸಿನ ಮಾತ್ರೆ ಅವುಗಳ ಹಿಡಿತವನ್ನು ಸ್ವಲ್ಪ ಸಡಿಲ ಮಾಡುತ್ತದಂತೆ. ಬಹಳ ಜನಕ್ಕೆ ಅದರಿಂದ ಏನೂ ತೊಂದರೆಯಾಗುವುದಿಲ್ಲ. ಆದರೆ ಈ ಜಾತಿಯ ನೋವಿನ ಮಾತ್ರೆ ಹೊಟ್ಟೆಯ ಒಳಪದರವನ್ನು ಕೆಡಿಸುತ್ತದೆ. ಎರಡೂ ಸೇರಿದರೆ ಒಳಗೊಳಗೇ ರಕ್ತ ಸೋರುವ ಭಯ ಹೆಚ್ಚು. "ಹೇಳಿದ್ದರೆ ನೋವಿಗೆ ಬೇರೆ ಮಾತ್ರೆ ಕೊಡಬಹುದಿತ್ತು. ಇಲ್ಲ, ಹೊಟ್ಟೆ ಕಾಯೋ ಮಾತ್ರೆನಾದರೂ ಜೊತೆಗೆ ಬರೀತಿದ್ರು. ಮಾನಸಿಕ ವಿಭಾಗದಲ್ಲಿ ಇದನ್ನ ಹೇಳೇ ಕಳಿಸ್ತಾರಲ್ಲಮ್ಮ?" ಎಂದರು.

ಮಾರನೆಯ ದಿನ ಅತ್ತಿಗೆ ಹೋದಳು. ಕಡೆಯಲ್ಲಿ ನನ್ನ ಕೈ ಹಿಡಿದುಕೊಂಡು ಬ್ಲೌಸಿನ ಅಳತೆಯ ಬಗ್ಗೆ ಏನೋ ಹೇಳಿದಳು. ಮಗಳದ್ದೋ ತನ್ನದೋ... ಪೂರ್ತಿ ಕೇಳಿಸಲಿಲ್ಲ.

ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ. ಅದು ನನ್ನ ಅತ್ತಿಗೆಯನ್ನು ಆ ಉಕ್ಕುವ ಹಾಲಿನ ಮುಂದಿನಿಂದ ಎಬ್ಬಿಸಿ ತಂದಿತ್ತು. ಮೂಳೆ ಡಾಕ್ಟರ ಮೇಲೂ ಸಿಟ್ಟಿಲ್ಲ. ಅವರು ಕೇಳಿದ್ದರು. ನನ್ನ ಸಿಟ್ಟಿಗೆ ಇದ್ದದ್ದು ಒಂದೇ ವಿಳಾಸ.

ಮಣ್ಣು ಮಾಡಿ ಬಂದ ಸಂಜೆ ಅಣ್ಣ ಹಸುವಿನ ಬಾನಿಯ ಪಕ್ಕ ನಿಂತಿದ್ದ. ನೇರವಾಗಿ ಕೇಳಿದೆ.

"ಮಂಡ್ಯದ ಡಾಕ್ಟ್ರು ನಿಂಗೆ ಏಳಿರ್ಲಿಲ್ವಾ?"

ಅವನು ಬಾನಿಯ ಕಡೆ ತಿರುಗಿಕೊಂಡ. "ಏಳಿದ್ರು. ಅವ್ಳು ಔಸ್ದಿ ಕೊಡೋ ತಾವ ಕ್ಯೂನಾಗೆ ನಿಂತಿದ್ಲು. ಬೇರೆ ಡಾಕ್ಟ್ರ ತಾವ ಓದ್ರೆ ಈ ಮಾತ್ರೆ ತೋರ್ಸಿ, ನೋವಿನ ಮಾತ್ರೆ ಕೇಳ್ದಲೆ ತಗೋಬ್ಯಾಡಿ ಅಂದ್ರು."

"ಮತ್ತೆ?"

"ಮದ್ದೂರಾಗೆ ಪರದೆ ಪಕ್ಕದಲ್ಲೇ ಬೀಗರ ಊರೋನು ಕೂತಿದ್ದ ಕಣಮ್ಮಿ. ಕೈ ಮುರ್ಕಂಡು ಕಟ್ಟು ಆಕ್ಸೋಕೆ ಬಂದಿದ್ದ. ಎಲ್ಲಾ ಕೇಳುಸ್ತದೆ ಅಲ್ಲಿ. ಮಗ್ಳು ಬಾಳು ನೋಡ್ಲಾ, ನೋವಿನ ಮಾತ್ರೆ ನೋಡ್ಲಾ?"

ಅಷ್ಟಕ್ಕೇ ಮುಗಿದಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಡುವ ದಿನ ನೆಂಟರೆಲ್ಲ ಸೇರಿದ್ದಾಗ, ಏನಾಗಿತ್ತು ಎಂದು ಯಾರೋ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ನನ್ನ ಕಿವಿಗೆ ಬಿತ್ತು. "ಒತ್ತೊತ್ತಿಗೆ ಉಣ್ತಿರ್ಲಿಲ್ಲ. ಏಳಿದ್ರೆ ಕೇಳ್ತಿರ್ಲಿಲ್ಲ. ಒಟ್ಟೆ ಉಣ್ಣಾಗಿ ಒಡ್ಕತು." ನೆಂಟರು ತಲೆಯಾಡಿಸಿದರು. ಎಂಥ ಹಟದ ಹೆಂಗಸು ಎಂದು ಒಬ್ಬಳು ಅಂದಳು.

ಬದುಕಿದ್ದಾಗ ಅವಳ ಬಾಯಿ ಮುಚ್ಚಿಸಿದವನು, ಸತ್ತ ಮೇಲೆ ತಪ್ಪನ್ನೂ ಅವಳ ಸೆರಗಿಗೇ ಕಟ್ಟಿದ. ಆ ಕ್ಷಣ ತೀರ್ಮಾನ ಮಾಡಿದೆ. ಈ ಮಾತನ್ನು ಅವನಿಂದ ವಾಪಸು ನುಂಗಿಸುತ್ತೇನೆ. ಯಾರ ಕಿವಿಗೆ ಹೆದರಿ ಸುಳ್ಳು ಹೇಳಿದನೋ ಅವರ ಕಿವಿಗೇ ಹಾಕುತ್ತೇನೆ.

ಆದರೆ ಕಾದೆ. ಅಣ್ಣನ ಮಗಳು ನನ್ನ ಮಡಿಲಲ್ಲಿ ಬೆಳೆದವಳು, ಅವಳ ಮದುವೆ ಮುರಿದರೆ ಅತ್ತಿಗೆ ನನ್ನನ್ನೂ ಕ್ಷಮಿಸುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ಮದುವೆಯಾದರೆ ಒಳ್ಳೆಯದೆಂದು ಹಿರಿಯರು ಹೇಳಿದರು. ಧಾರೆಯ ರವಿಕೆಯನ್ನು ನಾನೇ ಹೊಲಿದೆ. ಹೆಂಡತಿಯಿಲ್ಲದವನು ಧಾರೆ ಎರೆಯುವಂತಿಲ್ಲವೆಂದು ಹುಡುಗಿಯ ದಾಯಾದಿ ಚಿಕ್ಕಪ್ಪ ಚಿಕ್ಕಮ್ಮ ನಿಂತರು. ಅಣ್ಣ ಕಂಬಕ್ಕೊರಗಿ ಅಳುತ್ತಿದ್ದ. ಎಲ್ಲರೂ ಅವನನ್ನು ಸಮಾಧಾನ ಮಾಡುತ್ತಿದ್ದರು. ನಾನು ದೂರದಿಂದ ನೋಡುತ್ತಾ, ಅಳು, ಈಗ ಅತ್ತುಕೋ ಎಂದುಕೊಂಡೆ. ಬಾಯಲ್ಲಿ ನಗುತ್ತಾ ಎಲ್ಲರಿಗೂ ಪಾನಕ ಕೊಟ್ಟೆ. ಅಷ್ಟೊಂದು ತಣ್ಣಗೆ ದ್ವೇಷವನ್ನು ಕಾಪಾಡಿಕೊಳ್ಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಪಿತೃಪಕ್ಷ ಬಂತು. ಅತ್ತಿಗೆಯ ಮೊದಲ ಎಡೆ. ಅಳಿಯ, ಮಗಳು, ಬೀಗರು ಎಲ್ಲರಿಗೂ ಅಣ್ಣ ಹೇಳಿ ಕಳಿಸಿದ್ದ. ನಮ್ಮ ಕಡೆ ಎಡೆಗೆ ಸತ್ತವರು ಇಷ್ಟಪಟ್ಟದ್ದನ್ನು, ದಿನ ಬಳಸುತ್ತಿದ್ದುದನ್ನು ಇಡುತ್ತಾರೆ. ನಮ್ಮಪ್ಪನ ಫೋಟೋದ ಮುಂದೆ ಬೀಡಿ ಕಟ್ಟು, ಬೆಂಕಿಪೊಟ್ಟಣ, ಒಂದು ಸಣ್ಣ ಬಾಟಲಿ. ಅತ್ತಿಗೆಯ ಮುಂದೆ ಹೊಸ ಸೀರೆ, ಬಳೆ, ಎಲೆಅಡಿಕೆ, ಬಾಡಿನ ಸಾರು, ಕಜ್ಜಾಯ. ಎಡೆ ಬಡಿಸಿ ಧೂಪ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಜಗಲಿಯಲ್ಲಿ ಕಾಯಬೇಕು.

ಎಲ್ಲರೂ ಕೈಮುಗಿದು ಏಳುವ ಹೊತ್ತಿಗೆ ನಾನು ಮುಂದೆ ಹೋಗಿ, ಮಡಿಲಲ್ಲಿದ್ದ ಎರಡು ಬಗೆಯ ಮಾತ್ರೆಗಳನ್ನು ಕಜ್ಜಾಯದ ಪಕ್ಕದಲ್ಲಿ ಅಕ್ಕಪಕ್ಕ ಇಟ್ಟೆ. ಅಣ್ಣ ನೋಡಿದ. ಎಡೆಯಿಟ್ಟ ಮೇಲೆ ಅದರಿಂದ ಏನನ್ನೂ ಎತ್ತುವಂತಿಲ್ಲ, ಅವನಿಗೆ ಗೊತ್ತು. ನಾನೇ ಬಾಗಿಲು ಎಳೆದುಕೊಂಡೆ.

ಜಗಲಿಯಲ್ಲಿ ಬೀಗಿತ್ತಿ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಯೇ ಕೇಳಿದರು. ಆಕೆಯ ಬಾಯಿ ಅಂಥದ್ದು.

"ಅದೇನವ್ವ, ಎಡೆಗೆ ಮಾತ್ರೆ ಇಕ್ಬುಟ್ಟು ಬಂದೆ? ಸತ್ ಮ್ಯಾಲೂ ಮಂಡಿನೋವು ಬುಡಲ್ವಾ?"

"ಬದ್ಕಿದ್ದಾಗ ಬಾಯ್ಬುಟ್ಟು ಏಳಾಕೆ ಬುಡ್ಲಿಲ್ಲ ಅವ್ಳ್ನ. ಈಗ್ಲಾದ್ರೂ ನಾಕ್ ಜನ ನೋಡ್ಲಿ ಅಂತ ಇಟ್ಟೆ" ಎಂದೆ.

"ಸುಮ್ಕಿರಮ್ಮಿ" ಎಂದ ಅಣ್ಣ.

ನಾನು ಸುಮ್ಮನಿರಲಿಲ್ಲ. ಉಕ್ಕಿದ ಹಾಲಿನಿಂದ ಹಿಡಿದು ಮಂಡ್ಯದ ಡಾಕ್ಟರು ಹೇಳಿದ ಎಚ್ಚರಿಕೆ, ಮದ್ದೂರಿನ ಪರದೆ, ಮುದ್ದೆಯ ಮಾತು, ಹಾಲುತುಪ್ಪದ ದಿನದ ಸುಳ್ಳು, ಎಲ್ಲವನ್ನೂ ಹೇಳಿದೆ. ಕೂಗಾಡಲಿಲ್ಲ. ಗುಂಡಿ ಹೊಲಿಯುವ ಹಾಗೆ ಒಂದೊಂದೇ ಮಾತನ್ನು ಎಳೆದು ಕಟ್ಟಿದೆ. ನಿಮ್ಮ ಊರಿನವನು ಕೇಳಿಸಿಕೊಂಡಾನು, ಸಂಬಂಧ ತಪ್ಪೀತು ಎಂದು ಹೀಗೆ ಮಾಡಿದ ಎಂದು ಬೀಗಿತ್ತಿಯ ಮುಖ ನೋಡಿ ಹೇಳಿದೆ. ಆಕೆ ಸಿಡಿದೆದ್ದು ಅಣ್ಣನ ಮಾನ ತೆಗೆಯಲಿ ಎಂಬುದೇ ನನ್ನ ಲೆಕ್ಕ.

ಬೀಗಿತ್ತಿ ಎಲೆ ಮಡಿಸುವುದನ್ನು ನಿಲ್ಲಿಸಿದರು.

"ಇಷ್ಟಕ್ಕಾ ಬೀಗ್ರೆ? ನಮ್ಗೆ ಗೊತ್ತಿತ್ತಲ್ಲ!"

ಅಣ್ಣ ತಲೆಯೆತ್ತಿದ.

"ಕುರಿ ತರೋಕೂ ಮುಂಚೆ ಬೆನ್ನು ತಡವಿ ನೋಡೋ ಜನ ನಾವು. ಸೊಸೆ ತರೋಕೆ ಇಚಾರ್ಸದೆ ಬತ್ತೀವಾ? ಎಣ್ಣು ಕೇಳೋಕ್ ಮುಂಚೆನೇ ನಮ್ಮೆಜಮಾನ್ರು ನಿಮ್ಮೂರ ಟೀ ಅಂಗ್ಡೀಲಿ ಕೂತು ಎಲ್ಲಾ ಕೇಳ್ಕಂಡ್ ಬಂದಿದ್ರು. ತಾಯಿಗೆ ಮನ್ಸು ಸರಿ ಇರ್ಲಿಲ್ಲ, ಮಂಡ್ಯದಲ್ಲಿ ಮಾತ್ರೆ ಕೊಡುಸ್ತಾವ್ರೆ, ಈಗ ಸಂದಾಗವ್ಳೆ ಅಂದ್ರಂತೆ. ಸಂದಾಗವ್ಳಲ್ಲ, ಇನ್ನೇನ್ ಬೇಕು ಅಂದೆ ನಾನು." ಆಮೇಲೆ ಧ್ವನಿ ತಗ್ಗಿಸಿ, "ಅಯ್ಯೋ ಸಿವ್ನೇ... ಇದ್ನ ಮುಚ್ಚಾಕೋಕೆ ಆಯಮ್ಮನ್ನೇ ಮುಚ್ಬುಟ್ರಾ?" ಎಂದರು.

ಅಷ್ಟು ದಿನ ಅಣ್ಣನ ಹತ್ತಿರ ಒಂದು ಆಸರೆ ಇತ್ತು. ಮಗಳಿಗಾಗಿ ಮಾಡಿದೆ ಎಂಬುದು. ಅದು ಆ ಜಗಲಿಯ ಮೇಲೆ, ಎಲ್ಲರ ಕಣ್ಣೆದುರಿಗೆ ಮುರಿದು ಬಿತ್ತು. ಊರಿಗೆಲ್ಲ ಗೊತ್ತಿದ್ದ ವಿಷಯ ಒಬ್ಬ ಡಾಕ್ಟರಿಗೆ ಮಾತ್ರ ಗೊತ್ತಿರಲಿಲ್ಲ. ಅವನ ಮುಖ ಒಣಗಿದ ಮಣ್ಣಿನ ಹಾಗಾಯಿತು. ನಾನು ಕಣ್ಣು ತಪ್ಪಿಸದೆ ನೋಡಿದೆ. ನಾನು ಕಟ್ಟಿದ್ದ ಸೇಡಿಗಿಂತ ಇದು ದೊಡ್ಡದಾಗಿತ್ತು. ಖುಷಿಯಾಯಿತು. ಹೌದು, ಖುಷಿಯೇ. ಬೇರೆ ಹೆಸರಿಡುವುದಿಲ್ಲ.

ಬಾಗಿಲ ಪಕ್ಕದಲ್ಲಿ ನಿಂತಿದ್ದ ಮಗಳು ಒಂದೇ ಮಾತು ಕೇಳಿದಳು. "ಅಪ್ಪ, ಅವ್ವ ಒತ್ತಿಗೆ ಸರ್ಯಾಗಿ ಉಣ್ತಿರ್ಲಿಲ್ಲ ಅಂತ ನಂಗೂ ಏಳ್ದಲ್ಲ ನೀನು?"

ಬಾಗಿಲು ತೆಗೆದ ಮೇಲೆ ಎಡೆಯ ಅನ್ನವನ್ನು ಮನೆಯ ಯಜಮಾನ ಮೊದಲು ತಿನ್ನಬೇಕು. ಅವನು ತುತ್ತು ಎತ್ತಿದ, ಬಾಯಿಯವರೆಗೂ ತಂದ, ಎಲೆಗೇ ಇಳಿಸಿದ. ಮಗಳು ಉಣ್ಣದೆ ಗಂಡನ ಬೈಕು ಹತ್ತಿದಳು.

ಎಲ್ಲರೂ ಹೋದ ಮೇಲೆ ಅಣ್ಣ ನನ್ನ ಮಿಷನ್ನಿನ ಹತ್ತಿರ ಬಂದು ನಿಂತ. "ನನ್ ಮನೇಲಿ ಉಂಡು ನನ್ನೇ ತಿಂದ್ಬುಟ್ಯಲ್ಲಮ್ಮಿ" ಎಂದ. "ಅವ್ಳು ಮಾಡಿಕ್ಕಿದ್ದು ಉಂಡಿದ್ದೀನಿ, ನೀನು ಮಾಡಿಕ್ಕಿದ್ದಲ್ಲ" ಎಂದೆ. ಮಾರನೆಯ ದಿನ ಮಿಷನ್ನನ್ನು ಗೂಡ್ಸ್ ಆಟೋಗೆ ಹಾಕಿಸಿದೆ. ತವರು ಅಲ್ಲಿಗೆ ಮುಗಿಯಿತು.

ಈಗ ಮದ್ದೂರಿನಲ್ಲಿ ಒಂದು ಬಾಡಿಗೆ ಕೋಣೆ. ಅಣ್ಣನ ಮಗಳು ಬ್ಲಫ್‌ನಿಂದ ಆಗಾಗ ಬರುತ್ತಾಳೆ. ಅಪ್ಪನ ಮನೆಗೂ ಹೋಗಿ ಬರುತ್ತಾಳೆ, ಹೋಗಬೇಡ ಎಂದು ನಾನು ಹೇಳಿಲ್ಲ. ಪ್ರತಿ ವರ್ಷ ಎಡೆಗೆ ಅವನು ಅವಳ ಕೈಲಿ ಹೇಳಿ ಕಳಿಸುತ್ತಾನೆ. "ಸೊರಗೋಗವ್ನೆ ಅತ್ತೆ, ಒಂದ್ಸಲ ಬಂದೋಗು" ಎನ್ನುತ್ತಾಳೆ. ಹಾಲುತುಪ್ಪದ ದಿನ ಯಾರ ಮುಂದೆ ಅತ್ತಿಗೆಯ ಮೇಲೆ ತಪ್ಪು ಹೊರಿಸಿದನೋ ಅವರನ್ನೆಲ್ಲ ಕರೆದು, ತಪ್ಪು ನನ್ನದು ಎಂದು ತನ್ನ ಬಾಯಿಂದ ಹೇಳಲಿ, ಆ ದಿನ ಬರುತ್ತೇನೆ ಎಂದು ಹೇಳಿ ಕಳಿಸಿದ್ದೇನೆ. ಅವನು ಹೇಳಿಲ್ಲ. ನಾನು ಹೋಗಿಲ್ಲ.

ನಿನ್ನೆ ಮಹಾಲಯ ಅಮಾವಾಸ್ಯೆ. ಈ ಕೋಣೆಯಲ್ಲೇ ಅತ್ತಿಗೆಗೆ ಎಡೆ ಇಟ್ಟೆ. ನಾದಿನಿ ಅತ್ತಿಗೆಗೆ ಎಡೆ ಇಡುವ ಪದ್ಧತಿ ನಾನು ಕೇಳಿಲ್ಲ, ಆದರೂ ಇಟ್ಟೆ. ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತೆ. ಮನೆಯ ಮಾಲೀಕರು ಗ್ಯಾರೇಜಿನ ಸಾಬರು. ಅವರ ಹೆಂಡತಿ ಬಟ್ಟೆ ಒಣಹಾಕಲು ಬಂದವರು, "ಏನಕ್ಕಾ, ಬೀಗದ ಕೈ ಒಳಗೇ ಬಿಟ್ರಾ?" ಎಂದು ಕೇಳಿದರು.

"ಇಲ್ಲ. ನಮ್ಮ ಅತ್ತಿಗೆ ಉಣ್ತಾವ್ಳೆ" ಎಂದೆ.

ಒಳಗೆ ಯಾರೋ ನಿಜವಾಗಿ ಊಟಕ್ಕೆ ಕೂತಿದ್ದಾರೆ ಎಂಬಂತೆ, ಅವರು ಬಕೆಟ್ಟನ್ನು ಸದ್ದಾಗದ ಹಾಗೆ ಎತ್ತಿಕೊಂಡು ಹೋದರು.

ಅದೇ ಹೊತ್ತಿಗೆ ಅಣ್ಣನೂ ಎಡೆ ಇಟ್ಟು ಬಾಗಿಲು ಮುಚ್ಚಿಕೊಂಡು ಜಗಲಿಯಲ್ಲಿ ಕೂತಿರುತ್ತಾನೆ. ಎರಡು ಕಡೆ ಎಲೆ ಹಾಕಿದರೆ ಅತ್ತಿಗೆ ಮೊದಲು ಯಾವ ಮನೆಗೆ ಹೋಗುತ್ತಾಳೆ ಎಂದು ನನಗೆ ಗೊತ್ತು. ಅವನು ಉಂಡನೋ ಇಲ್ಲವೋ ನೋಡದೆ ಅವಳು ಒಂದು ದಿನವೂ ಎಲೆಯ ಮುಂದೆ ಕೂತವಳಲ್ಲ. ಅಲ್ಲಿಗೇ ಹೋಗುತ್ತಾಳೆ. ಅವನು ಸೊರಗಿದ್ದು ಕಂಡು ಮರುಗುತ್ತಾಳೆ... ಆಮೇಲೆ ನನ್ನಲ್ಲಿಗೆ ಬರುವಷ್ಟರಲ್ಲಿ ಸಾರು ಆರಿರುತ್ತದೆ.

ಹೋಗಲಿ. ಅವಳು ಬೇಕಾದರೆ ಅವನನ್ನು ಕ್ಷಮಿಸಲಿ, ಅವಳ ಗಂಡ. ಸ್ವಲ್ಪ ಹೊತ್ತು ಕಾದು ಬಾಗಿಲು ತೆಗೆಯಬೇಕು ಎನ್ನುವುದು ಪದ್ಧತಿ. ನಾನು ಕತ್ತಲಾಗುವವರೆಗೂ ತೆಗೆಯಲಿಲ್ಲ.